ರಾತ್ರಿ ಚೆನ್ನಾಗಿದ್ದ ಟರ್ಕಿ ಮರಿ ಬೆಳಿಗ್ಗೆ ಸತ್ತಿದ್ದೇಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮೊದಲು ಬ್ರಾಯ್ಲರ್ ಸಾಕುತ್ತಿದ್ದೆವು. ಈಗ ಅದೇ ಶೆಡ್ಡಿನಲ್ಲಿ 150 ಟರ್ಕಿ ಮರಿ ಬಿಟ್ಟಿದ್ದೇವೆ. ಹತ್ತು ದಿನ ಏನೂ ತೊಂದರೆ ಇರಲಿಲ್ಲ. ಈಗ ಮೂರನೇ ವಾರ. ದಿನಾ ಒಂದೋ ಎರಡೋ ಸಾಯುತ್ತಿವೆ. ಇಲ್ಲಿವರೆಗೆ 11 ಹೋದವು. ಕೆಲವು ರೆಕ್ಕೆ ಜೋತುಬಿಟ್ಟು, ಬಾಯಿ ತೆರೆದು ಏದುಸಿರು ಬಿಡುತ್ತವೆ. ಕೆಲವಂತೂ ರಾತ್ರಿ ಮೇಯ್ದು ಮಲಗಿದ್ದು ಬೆಳಿಗ್ಗೆ ಏಳಲೇ ಇಲ್ಲ. ಒಂದನ್ನು ಕೊಯ್ದು ನೋಡಿದರೆ ಹೊಟ್ಟೆ ತುಂಬಾ ಹಳದಿ ನೀರು. ಅಂಗಡಿಯವರು ಕೊಕ್ಕರೆ ರೋಗ ಎಂದು ನೀರಿಗೆ ಹಾಕಲು ಆ್ಯಂಟಿಬಯೋಟಿಕ್ ಕೊಟ್ಟರು. ಸಾವು ನಿಂತಿಲ್ಲ. ಬ್ರಾಯ್ಲರ್ ಫೀಡಿಗೆ ಮನೆಯ ಮೆಕ್ಕೆಜೋಳ, ಶೇಂಗಾ ಹಿಂಡಿ, ಒಣಮೀನಿನ ಪುಡಿ ಬೆರೆಸುತ್ತೇವೆ. ನೀರು ಬೋರಿನದು, ಸ್ವಲ್ಪ ಉಪ್ಪು. ಹೋದ ವರ್ಷ ಯುಗಾದಿ ಸಮಯದಲ್ಲಿ ಅಣ್ಣನ ಹತ್ತಿರ ಇದ್ದ ನಾಲ್ಕು ತಿಂಗಳ ಎರಡು ಹುಂಜಗಳೂ ನೋಡನೋಡುತ್ತಲೇ ಬಿದ್ದು ಸತ್ತಿದ್ದವು, ಬಾಯಲ್ಲಿ ರಕ್ತ ಇತ್ತು. ಇದು ಅದೇ ರೋಗವೇ? ನಾಟಿ ಕೋಳಿಗೆ ಹರಡುತ್ತದೆಯೇ? ಉಳಿದವನ್ನು ತಿನ್ನಬಹುದೇ? ಮೂರು ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಇದು ಅಂಟುರೋಗದ ಹಾಗೆ ಕಾಣುತ್ತಿಲ್ಲ. ಇದು ಮರಿಗಳ ಹೃದಯದ ತೊಂದರೆ. ಹೃದಯದ ತೊಂದರೆ ನಾಟಿ ಕೋಳಿಗೆ ಹರಡುವುದಿಲ್ಲ, ಮನೆಯವರಿಗೂ ಬರುವುದಿಲ್ಲ.

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಆಗಿದ್ದರೆ ಲೆಕ್ಕ ಬೇರೆ ಇರುತ್ತಿತ್ತು. ಹಸಿರು ಹಿಕ್ಕೆ, ಸೀನು, ಕತ್ತು ತಿರುಚಿಕೊಳ್ಳುವುದು, ನಾಲ್ಕೈದು ದಿನದಲ್ಲಿ ಶೆಡ್ಡಿನ ಅರ್ಧ ಖಾಲಿ. ನಿಮ್ಮಲ್ಲಿ ಹಾಗಾಗಿಲ್ಲ. ಇನ್ನೊಂದು ಮಾತು. ಕೊಕ್ಕರೆ ರೋಗ ವೈರಸ್ಸಿನಿಂದ ಬರುವುದು. ಅದು ನಿಜವೇ ಆಗಿದ್ದರೂ ಆ್ಯಂಟಿಬಯೋಟಿಕ್ ಅದಕ್ಕೆ ಔಷಧಿ ಅಲ್ಲ.

ನೀವು ಮರಿಯನ್ನು ಕೊಯ್ದು ನೋಡಿದಿರಲ್ಲ, ಅದು ನನಗೆ ತುಂಬಾ ಸಂತೋಷ ಕೊಟ್ಟಿತು. ನಮ್ಮ ಕಡೆ ಮರಿ ಸತ್ತರೆ ಮೊದಲು ಅಂಗಡಿಗೆ ಓಡುತ್ತಾರೆ. ಸತ್ತ ಮರಿ ತಿಪ್ಪೆಗೆ ಹೋಗುತ್ತದೆ. ಆ ಮರಿಯ ಹೊಟ್ಟೆಯೊಳಗೇ ಉತ್ತರ ಇರುತ್ತದೆ, ಅದನ್ನು ಮಾತ್ರ ಯಾರೂ ನೋಡುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ಒಂದೇ ದಿನ ಹತ್ತಾರು ಸತ್ತರೆ, ತಲೆ ಊದಿ ನೀಲಿಯಾಗಿದ್ದರೆ ಚಾಕು ಮುಟ್ಟಬೇಡಿ. ಅದು ಹಕ್ಕಿಜ್ವರ ಇರಬಹುದು, ಟರ್ಕಿಗೆ ಅದು ಬೇಗ ತಗಲುತ್ತದೆ. ಆಗ ನೇರವಾಗಿ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಈಗ ಫೋಟೋಗಳಿಗೆ ಬರೋಣ. ನಿಮ್ಮ ಪತ್ರಕ್ಕಿಂತ ಜಾಸ್ತಿ ವಿಷಯ ಅವುಗಳಲ್ಲೇ ಇದೆ.

ಮೊದಲನೆಯದು ಕೊಯ್ದ ಮರಿಯದು. ನೀವು ಹೊಟ್ಟೆಯ ನೀರು ತೋರಿಸಲು ತೆಗೆದಿದ್ದೀರಿ. ನನ್ನ ಕಣ್ಣು ಹೋದದ್ದು ಪಕ್ಕದಲ್ಲಿರುವ ಹೃದಯದ ಮೇಲೆ. ಚೆನ್ನಾಗಿರುವ ಮರಿಯ ಹೃದಯ ತಾವರೆ ಮೊಗ್ಗಿನ ಹಾಗಿರುತ್ತದೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಬೆರಳಲ್ಲಿ ಒತ್ತಿದರೆ ಗಟ್ಟಿ. ನಿಮ್ಮ ಫೋಟೋದಲ್ಲಿರುವ ಹೃದಯಕ್ಕೆ ಚೂಪು ತುದಿಯೇ ಇಲ್ಲ. ಸಣ್ಣ ನಿಂಬೆಹಣ್ಣಿನ ಹಾಗೆ ಗುಂಡಗೆ ಕೂತಿದೆ. ನಾಳೆ ಇನ್ನೊಂದು ಮರಿ ಸತ್ತರೆ ಹೃದಯವನ್ನು ಬ್ಲೇಡಿನಿಂದ ಅಡ್ಡ ಕೊಯ್ದು ನೋಡಿ. ಗೋಡೆ ತೆಳ್ಳಗೆ, ಜೋತುಬಿದ್ದಿರುತ್ತದೆ. ಒಳಗಿನ ಕೋಣೆ ದೊಡ್ಡದಾಗಿ ಹಿಗ್ಗಿರುತ್ತದೆ. ಲಿವರ್ ಕೂಡ ನೋಡಿ. ಅದರ ಅಂಚು ಎಲೆಯ ಹಾಗೆ ತೆಳ್ಳಗಿರಬೇಕು. ಇಂಥ ಮರಿಯಲ್ಲಿ ಅದು ಊದಿ, ಅಂಚು ದಪ್ಪಗಾಗಿರುತ್ತದೆ. ಶ್ವಾಸಕೋಶ ರಕ್ತ ಕಟ್ಟಿ ಕೆಂಪಾಗಿರುತ್ತದೆ. ಹೃದಯ ಮುಂದಕ್ಕೆ ತಳ್ಳಲಾಗದ ರಕ್ತ ಹಿಂದೆ ನಿಂತು, ಅದರಿಂದ ಜಿನುಗಿದ ನೀರೇ ನೀವು ಕಂಡ ಹಳದಿ ನೀರು.

ಇದಕ್ಕೆ ಪಶುವೈದ್ಯರು ರೌಂಡ್ ಹಾರ್ಟ್ ಎನ್ನುತ್ತಾರೆ, ಗುಂಡು ಹೃದಯ. ಪುಸ್ತಕದಲ್ಲಿ ಸ್ಪಾಂಟೇನಿಯಸ್ ಕಾರ್ಡಿಯೋಮಯೋಪತಿ ಎಂದಿರುತ್ತದೆ. ಟರ್ಕಿ ಮರಿಗಳಲ್ಲಿ ಮೊದಲ ನಾಲ್ಕು ವಾರದಲ್ಲಿ ಬರುತ್ತದೆ. ಎರಡು, ಮೂರನೇ ವಾರದಲ್ಲಿ ಸಾವು ಜಾಸ್ತಿ. ಗಂಡು ಮರಿಗಳಲ್ಲಿ ಹೆಚ್ಚು. ನಿಮ್ಮ ಮರಿಗಳ ವಯಸ್ಸು ಸರಿಯಾಗಿ ಅಲ್ಲಿಗೇ ಬರುತ್ತದೆ.

ಬ್ರಾಯ್ಲರ್ ಸಾಕಿದವರು ನೀವು. ಹೊಟ್ಟೆಗೆ ನೀರು ತುಂಬುವ ಅಸೈಟಿಸ್ ನೋಡಿಯೇ ಇರುತ್ತೀರಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ವ್ಯತ್ಯಾಸ ಇದೆ. ಬ್ರಾಯ್ಲರಿನಲ್ಲಿ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿ ಹೃದಯದ ಬಲಭಾಗ ಸೋಲುತ್ತದೆ. ಟರ್ಕಿ ಮರಿಯಲ್ಲಿ ಹೃದಯದ ಮಾಂಸವೇ ಸಡಿಲವಾಗಿ ಎರಡೂ ಕಡೆ ಹಿಗ್ಗುತ್ತದೆ. ಮನುಷ್ಯರಲ್ಲೂ ಹೃದಯ ಹೀಗೆ ಹಿಗ್ಗುವ ಕಾಯಿಲೆ ಇದೆ. ಅದನ್ನು ಅರ್ಥ ಮಾಡಿಕೊಳ್ಳಲು ವಿಜ್ಞಾನಿಗಳು ಟರ್ಕಿ ಮರಿಗಳನ್ನೇ ಇಟ್ಟುಕೊಂಡು ಅಧ್ಯಯನ ಮಾಡಿದ್ದಾರೆ.

ಯಾಕೆ ಹೀಗಾಗುತ್ತದೆ? ಒಂದೇ ಕಾರಣ ಹೇಳಲು ಬರುವುದಿಲ್ಲ. ಬೇರು ಮಾತ್ರ ಒಂದೇ. ಹೃದಯಕ್ಕೆ ಸಿಗುವ ಆಮ್ಲಜನಕ ಕಡಿಮೆ, ಅದರ ಮೇಲೆ ಬೀಳುವ ಕೆಲಸ ಜಾಸ್ತಿ. ಮೊಟ್ಟೆಯಿಂದ ಬಂದಾಗ ಟರ್ಕಿ ಮರಿ 50-60 ಗ್ರಾಂ ಇರುತ್ತದೆ. ಭಾರಿ ತಳಿಯ ಹುಂಜ ಐದು ತಿಂಗಳಲ್ಲಿ 15 ಕೆಜಿ ದಾಟುತ್ತದೆ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಅನ್ನುತ್ತಾರಲ್ಲ, ಇಲ್ಲಿ ಇರುವೆಗೆ ಆನೆಯ ಭಾರ ಹೊರಿಸಿದ ಹಾಗಾಗಿದೆ. ಎದೆಮಾಂಸಕ್ಕಾಗಿ ತಳಿ ಬೆಳೆಸುತ್ತಾ ಹೋದರು. ಹೃದಯ ಅದೇ ವೇಗದಲ್ಲಿ ಬೆಳೆಯಲಿಲ್ಲ. ಕಾಡಿನ ಟರ್ಕಿಗೆ ಹೋಲಿಸಿದರೆ ಫಾರಂ ಟರ್ಕಿಯ ಹೃದಯ ಅದರ ಮೈತೂಕದ ಲೆಕ್ಕದಲ್ಲಿ ಚಿಕ್ಕದು. ಕೆಲವು ವಂಶಗಳಲ್ಲಿ ಈ ದೋಷ ಹುಟ್ಟಿನಿಂದಲೇ ಬರುತ್ತದೆ. ಅಂಥ ಮರಿಗೆ ಗಾಳಿ ಸ್ವಲ್ಪ ಕಡಿಮೆಯಾದರೂ ಸಾಕು.

ಎತ್ತರದ ಪ್ರದೇಶದಲ್ಲೂ ಗಾಳಿ ತೆಳ್ಳಗಿದ್ದು ಈ ರೋಗ ಹೆಚ್ಚುತ್ತದೆ. ಆದರೆ ದಾವಣಗೆರೆ ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸು, ಚಿತ್ರದುರ್ಗ 700 ಚಿಲ್ಲರೆ. ಅದು ನಮಗೆ ಕಾರಣ ಅಲ್ಲ. ನಮ್ಮ ಕಾರಣ ನಿಮ್ಮ ಎರಡನೇ ಫೋಟೋದಲ್ಲಿದೆ.

ಶೆಡ್ಡಿನ ಸುತ್ತ ನೀಲಿ ಟಾರ್ಪಾಲ್ ನೆಲದಿಂದ ಸೂರಿನವರೆಗೆ ಬಿಗಿದು ಕಟ್ಟಿದ್ದೀರಿ. ಒಂದು ಬೆರಳು ಸಂದೂ ಬಿಟ್ಟಿಲ್ಲ. ಮಧ್ಯದಲ್ಲಿ ಕಬ್ಬಿಣದ ಡ್ರಮ್ಮು, ಅದರಲ್ಲಿ ಇದ್ದಿಲು. ಚಳಿಗಾಲದ ರಾತ್ರಿ ಮರಿಗೆ ಚಳಿ ಆಗದಿರಲಿ ಎಂದು ಪ್ರೀತಿಯಿಂದಲೇ ಮಾಡಿದ್ದೀರಿ, ನನಗೆ ಗೊತ್ತು. ಹತ್ತಾರು ವರ್ಷದ ಹಿಂದೆ ನಾನು ಚಿತ್ರದುರ್ಗದ ಹತ್ತಿರ ಇಂಥದ್ದೇ ಒಂದು ಶೆಡ್ಡಿಗೆ ಹೋಗಿದ್ದೆ. ಡಿಸೆಂಬರ್ ತಿಂಗಳ ಬೆಳಗಿನ ಜಾವ. ಪರದೆ ಸರಿಸಿ ಒಳಗೆ ಕಾಲಿಟ್ಟರೆ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಹೊಗೆ ಇರಲಿಲ್ಲ. ಹತ್ತು ನಿಮಿಷ ಕುಕ್ಕರುಗಾಲಲ್ಲಿ ಕೂತು ಮರಿ ಎಣಿಸುತ್ತಿದ್ದವನಿಗೆ ತಲೆ ಭಾರವಾಯಿತು, ಹಣೆ ಸಿಡಿಯತೊಡಗಿತು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತ ಮೇಲೆಯೇ ಸರಿಯಾದದ್ದು. ಹತ್ತು ನಿಮಿಷಕ್ಕೆ ನನಗೆ ಹಾಗಾದರೆ, ಇಪ್ಪತ್ತು ದಿನದಿಂದ ಅಲ್ಲೇ ಮಲಗಿರುವ ಅಂಗೈಯಗಲದ ಮರಿಯ ಗತಿ ಏನು? ಅಂದು ನಾವು ಮಾಡಿದ್ದು ಡ್ರಮ್ಮು ಹೊರಗಿಟ್ಟದ್ದು, ಪರದೆ ಬಿಚ್ಚಿ ಕಟ್ಟಿದ್ದು, ಅಷ್ಟೇ. ಒಂದು ವಾರದಲ್ಲಿ ಸಾವು ಇಳಿಯಿತು.

ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ಮರಿಯ ಹೃದಯ ಇನ್ನೂ ಜೋರಾಗಿ ಬಡಿದು ಕೊರತೆ ತುಂಬಿಸಲು ನೋಡುತ್ತದೆ. ಬಡಿದು ಬಡಿದು ಹಿಗ್ಗುತ್ತದೆ. ಇದು ನಿಮ್ಮ ಜೀವಕ್ಕೂ ಅಪಾಯ. ಮರಿ ಕಾಯಲು ರಾತ್ರಿ ಯಾರಾದರೂ ಆ ಪರದೆಯೊಳಗೆ ಮಲಗುತ್ತಿದ್ದರೆ ಇವತ್ತಿನಿಂದಲೇ ಬೇಡ.

ಇದ್ದಿಲ ಬದಲು ಮರಿಗೆ ಕಾವು ಕೊಡುವ ಬಲ್ಬು ಅಥವಾ ಗ್ಯಾಸ್ ಬ್ರೂಡರ್ ಹಾಕಿ. ಗ್ಯಾಸ್ ಆದರೂ ಗಾಳಿ ಆಡಲೇಬೇಕು. ಟರ್ಕಿ ಮರಿಗೆ ಮೊದಲ ವಾರ 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಅಂದರೆ ನಿಮ್ಮ ಮೂರನೇ ವಾರದ ಮರಿಗೆ 29 ಸಾಕು. ಕಾವು ಬೇಕಾಗಿರುವುದು ಬ್ರೂಡರ್ ಕೆಳಗೆ, ಇಡೀ ಶೆಡ್ಡಿಗಲ್ಲ. ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಿ, ಸೂರಿನ ಹತ್ತಿರ ಒಂದು ಅಡಿಯಾದರೂ ಖಾಲಿ ಬಿಡಿ. ತಣ್ಣನೆ ಗಾಳಿ ಮರಿಗೆ ನೇರವಾಗಿ ಬಡಿಯುವುದಿಲ್ಲ, ಕೆಟ್ಟ ಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ. ಜಾಗವನ್ನೂ ಅಳೆಯಿರಿ. ನಾಲ್ಕು ವಾರದವರೆಗೆ ಮರಿಗೆ ಒಂದೂಕಾಲು ಚದರಡಿ ಬೇಕು. ದಿನಾ ಬೆಳಿಗ್ಗೆ ಶೆಡ್ಡಿನಲ್ಲಿ ಮೂಗು ಮರಿಯ ಎತ್ತರಕ್ಕೆ ಬರುವ ಹಾಗೆ ಕೂತುಕೊಳ್ಳಿ. ಕಣ್ಣು ಉರಿದರೆ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗಿ ಅಮೋನಿಯಾ ಏಳುತ್ತಿದೆ ಎಂದು ಅರ್ಥ. ನಿಂತುಕೊಂಡರೆ ಇದು ಗೊತ್ತೇ ಆಗುವುದಿಲ್ಲ.

ಮೂರನೇ ಫೋಟೋ ನನ್ನನ್ನು ಜಾಸ್ತಿ ಹೆದರಿಸಿತು. ಅದು ಮೇವಿನ ಚೀಲದ್ದು. ಬ್ರಾಯ್ಲರ್ ಸ್ಟಾರ್ಟರ್. ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಯಾಲಿನೊಮೈಸಿನ್ ಎಂದಿದೆ. ಇದು ಬ್ರಾಯ್ಲರ್ ಕೋಳಿಗೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್ ಬರದಿರಲಿ ಎಂದು ಹಾಕುವ ಔಷಧಿ. ಟನ್ನಿಗೆ 60 ಗ್ರಾಂ ಸಾಮಾನ್ಯ. ಕೋಳಿಗೆ ಏನೂ ಆಗುವುದಿಲ್ಲ. ಅದೇ ಪ್ರಮಾಣ ಟರ್ಕಿಗೆ ವಿಷ. ಹೃದಯದ ಮಾಂಸವನ್ನೂ ಕಾಲಿನ ಮಾಂಸವನ್ನೂ ಕೆಡಿಸುತ್ತದೆ. ನರಾಸಿನ್ ಎಂಬ ಔಷಧಿ ಕೂಡ ಹಾಗೆಯೇ. ನಿಮ್ಮ ಮರಿಗಳು ಎದ್ದು ನಿಲ್ಲಲಾರದೆ ಕಾಲು ಹಿಂದಕ್ಕೆ ಚಾಚಿ ಮಲಗುತ್ತಿವೆಯೇ ನೋಡಿ. ಹಾಗಿದ್ದರೆ ಸಾವಿನಲ್ಲಿ ಒಂದು ಪಾಲು ಈ ಚೀಲದ್ದು. ಚಿಕ್ಕ ಮರಿಗಿಂತ ದೊಡ್ಡ ಟರ್ಕಿಗೆ ಇದು ಇನ್ನೂ ಬೇಗ ತಗಲುತ್ತದೆ. ಅದಕ್ಕೇ ಹೇಳುವುದು, ಈ ಮೇವು ಮುಂದುವರಿಸಿದರೆ ಮುಂದೆ ದೊಡ್ಡ ಹಕ್ಕಿಗಳನ್ನೂ ಕಳೆದುಕೊಳ್ಳುತ್ತೀರಿ.

ಅಂಗಡಿಯವರು ಕೊಟ್ಟ ಔಷಧಿಯ ಹೆಸರು ನೀವು ಬರೆದಿಲ್ಲ. ಬಾಟಲಿ ಎತ್ತಿ ಓದಿ. ಟಿಯಾಮುಲಿನ್ ಎಂದಿದ್ದರೆ ಈ ಕ್ಷಣ ನಿಲ್ಲಿಸಿ. ಟಿಯಾಮುಲಿನ್ ಜೊತೆ ಸೇರಿದರೆ ಸ್ಯಾಲಿನೊಮೈಸಿನ್ ದೇಹದಿಂದ ಬೇಗ ಹೊರಗೆ ಹೋಗುವುದಿಲ್ಲ, ವಿಷ ಜಾಸ್ತಿಯಾಗುತ್ತದೆ. ಕೋಳಿಗಳೂ ಇದರಿಂದ ಸಾಯುತ್ತವೆ. ಬೇರೆ ಆ್ಯಂಟಿಬಯೋಟಿಕ್ ಆಗಿದ್ದರೂ ಸುಮ್ನೆ ಹಾಕುತ್ತಾ ಹೋಗಬೇಡಿ. ನಿಮ್ಮ ಪಶುವೈದ್ಯರಿಗೆ ತೋರಿಸಿ. ಹಿಗ್ಗಿದ ಹೃದಯವನ್ನು ಅದು ಕುಗ್ಗಿಸುವುದಿಲ್ಲ.

ಇದೇ ಸಾಲಿನಲ್ಲಿ ಹಳೇ ಕಾಲದ ಇನ್ನೊಂದು ಔಷಧಿ ನೆನಪಾಗುತ್ತದೆ. ಫ್ಯುರಾಜೋಲಿಡೋನ್ ಎಂಬ ಹಳದಿ ಪುಡಿ. ಭೇದಿಗೆಂದು ಕೋಳಿಗೆ ಧಾರಾಳವಾಗಿ ಹಾಕುತ್ತಿದ್ದರು. ಮೇವಿನಲ್ಲಿ ಅದು ಹತ್ತು ಲಕ್ಷಕ್ಕೆ 700 ಪಾಲಿನಷ್ಟು ಇದ್ದರೆ ಟರ್ಕಿ ಮರಿಯ ಹೃದಯ ಗುಂಡಗಾಗುತ್ತದೆ. ಪ್ರಯೋಗಾಲಯದಲ್ಲಿ ಈ ರೋಗ ತರಿಸಲು ಅದನ್ನೇ ಬಳಸುತ್ತಾರೆ. ಈಗ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದು ನಿಷೇಧ. ಯಾರಾದರೂ ಹಳದಿ ಪುಡಿಯ ಪೊಟ್ಟಣ ಕೊಟ್ಟರೆ ತೆಗೆದುಕೊಳ್ಳಬೇಡಿ.

ಮೇವಿಗೆ ನೀವು ಬೆರೆಸುತ್ತಿರುವುದರ ಬಗ್ಗೆ. ಒಣಮೀನಿನಲ್ಲಿ ಉಪ್ಪು ಇರುತ್ತದೆ. ಫೀಡಿನಲ್ಲಿ ಮೊದಲೇ ಉಪ್ಪಿದೆ. ಬೋರಿನ ನೀರಲ್ಲೂ ಉಪ್ಪು. ಮೂರೂ ಸೇರಿ ಮರಿಯ ಹೊಟ್ಟೆಗೆ ಹೋದರೆ ರಕ್ತದಲ್ಲಿ ನೀರು ನಿಲ್ಲುತ್ತದೆ, ಹೃದಯದ ಕೆಲಸ ಹೆಚ್ಚುತ್ತದೆ, ಹೊಟ್ಟೆಗೆ ನೀರು ಬರುತ್ತದೆ. ಟರ್ಕಿ ಮರಿಗೆ ಉಪ್ಪು ಬಹಳ ಬೇಗ ತಗಲುತ್ತದೆ. ಎಲ್ಲ ಸೇರಿ 100 ಕೆಜಿ ಮೇವಿಗೆ 300 ಗ್ರಾಂ ಉಪ್ಪು ಸಾಕು. ಒಣಮೀನು ನಿಲ್ಲಿಸಿ. ಒಂದು ಬಾಟಲಿ ಬೋರಿನ ನೀರನ್ನು ಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ಮರಿಗಳಿಗೆ ನೀವು ಕುಡಿಯುವ ಶುದ್ಧ ನೀರಿನ ಘಟಕದ ನೀರನ್ನೇ ಇಡಿ. ಈ ವಯಸ್ಸಿನ 140 ಮರಿಗೆ ದಿನಕ್ಕೆ ಒಂದೆರಡು ಕ್ಯಾನ್ ನೀರಿನ ಖರ್ಚು ದೊಡ್ಡದಲ್ಲ.

ಶೇಂಗಾ ಹಿಂಡಿಯ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಇದು ಹೃದಯದ್ದಲ್ಲ, ಲಿವರಿನದು. ಆದರೂ ನಮ್ಮ ಊರಿಗೆ ಬೇಕಾದ ಮಾತು. ಚಳ್ಳಕೆರೆ ಎಣ್ಣೆ ಮಿಲ್ಲಿನ ಹಿಂಡಿ, ದಾವಣಗೆರೆಯ ಮೆಕ್ಕೆಜೋಳ, ಎರಡೂ ನಮಗೆ ಮನೆ ಬಾಗಿಲಲ್ಲೇ ಸಿಗುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿಗಳು ಸತ್ತವು. ರೋಗ ಏನೆಂದು ಗೊತ್ತಾಗದೆ ಟರ್ಕಿ ಎಕ್ಸ್ ರೋಗ ಎಂದು ಹೆಸರಿಟ್ಟರು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ಅದರಲ್ಲಿ ಬೂಷ್ಟಿನ ವಿಷ. ಅಫ್ಲಾಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದೇ ಅಲ್ಲಿಂದ. ಕೋಳಿ ತಡೆದುಕೊಳ್ಳುವಷ್ಟು ವಿಷವನ್ನು ಟರ್ಕಿ ತಡೆದುಕೊಳ್ಳುವುದಿಲ್ಲ. ಮಳೆಗೆ ನೆನೆದು, ಸರಿಯಾಗಿ ಒಣಗದೆ ಚೀಲ ಸೇರಿದ ಮೆಕ್ಕೆಜೋಳದಲ್ಲೂ ಅದೇ ಬೂಷ್ಟು ಬೆಳೆಯುತ್ತದೆ. ಕಾಳು ಹಲ್ಲಿಗೆ ಕಟ್ ಎನ್ನಬೇಕು. ಮುಗ್ಗಲು ವಾಸನೆ ಬಂದರೆ ಟರ್ಕಿಗೆ ಹಾಕಲೇಬೇಡಿ. ಬಿಸಿಲಿಗೆ ಒಣಗಿಸಿದರೆ ಬೂಷ್ಟು ಉದುರುತ್ತದೆ, ಒಳಗಿಳಿದ ವಿಷ ಹಾಗೇ ಉಳಿಯುತ್ತದೆ.

ಹಾಗಾದರೆ ಏನು ಹಾಕಬೇಕು? ಟರ್ಕಿ ಮರಿಗೆ ಮೊದಲ ನಾಲ್ಕು ವಾರ ಪ್ರೋಟೀನ್ ಶೇಕಡಾ 28ರಷ್ಟು ಬೇಕು. ಬ್ರಾಯ್ಲರ್ ಸ್ಟಾರ್ಟರಿನಲ್ಲಿ 22-23 ಇರುತ್ತದೆ. ಔಷಧಿ ಹಾಕದ ಮೇವನ್ನು ಕೇಳಿ ತರಿಸಿ, ಸೋಯಾ ಹಿಂಡಿ ಸೇರಿಸಿ ಸರಿಮಾಡಬಹುದು. ಲೆಕ್ಕವನ್ನು ನಿಮ್ಮ ಪಶುವೈದ್ಯರ ಹತ್ತಿರ ಹಾಕಿಸಿಕೊಳ್ಳಿ. ವಿಟಮಿನ್ ಇ, ಸೆಲೆನಿಯಂ ಇರುವ ಮಿಶ್ರಣ ಇರಲಿ. ಅವು ಕಡಿಮೆಯಾದರೂ ಹೃದಯದ ಮಾಂಸ ಕೆಡುತ್ತದೆ. ಬೇಗ ಬೆಳೆಯಲಿ ಎಂದು ರಾತ್ರಿಯಿಡೀ ಲೈಟು ಹಾಕಿ ಮೇಯಿಸಬೇಡಿ.

ಇನ್ನು ನಿಮ್ಮ ಅಣ್ಣನ ಹುಂಜಗಳು. ಅದು ಬೇರೆ ಕಾಯಿಲೆ. ನಾಲ್ಕು ತಿಂಗಳ, ಚೆನ್ನಾಗಿ ಬೆಳೆದ ಹುಂಜ ನೋಡನೋಡುತ್ತಲೇ ಬಿದ್ದು, ಬಾಯಲ್ಲಿ ರಕ್ತ ಬಂದರೆ ಮೊದಲು ಅನುಮಾನ ಬರುವುದು ಮಹಾಧಮನಿ ಒಡೆದದ್ದರ ಮೇಲೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅದು. ಮನುಷ್ಯನ ರಕ್ತದೊತ್ತಡ 120 ಇದ್ದರೆ ದೊಡ್ಡ ಟರ್ಕಿ ಹುಂಜದ್ದು 200 ದಾಟುತ್ತದೆ. ಆ ಒತ್ತಡ ತಡೆಯಲು ನಾಳದ ಗೋಡೆಯಲ್ಲಿ ರಬ್ಬರಿನಂಥ ಎಳೆಗಳಿವೆ. ಆ ಎಳೆಗಳನ್ನು ಒಂದಕ್ಕೊಂದು ಹೆಣೆಯಲು ತಾಮ್ರದ ಅಂಶ ಬೇಕು. ಮೇವಿನಲ್ಲಿ ತಾಮ್ರ ಕಡಿಮೆಯಾದರೆ ಹೆಣಿಗೆ ಸಡಿಲ. ಹುಂಜ ಜಗಳಕ್ಕೆ ಬಿದ್ದಾಗಲೋ, ಯಾರಾದರೂ ಅಟ್ಟಿಸಿಕೊಂಡು ಹೋದಾಗಲೋ ಒತ್ತಡ ಏರಿ ಗೋಡೆ ಸೀಳುತ್ತದೆ. ಕೊಯ್ದರೆ ಹೊಟ್ಟೆ ತುಂಬಾ ಕಪ್ಪು ರಕ್ತದ ಗಡ್ಡೆ, ಮಾಂಸ ಮಾತ್ರ ಬೆಳ್ಳಗೆ. ಹಿಂಡಿನಲ್ಲೇ ಅತಿ ದಪ್ಪಗಿನ ಹುಂಜ ಹೀಗೆ ಹೋಗುವುದು. ಖನಿಜ ಮಿಶ್ರಣ ತಪ್ಪಿಸಬೇಡಿ, ಕೊಬ್ಬು ಜಾಸ್ತಿ ಇರುವ ಮೇವು ಬೇಡ, ರಾತ್ರಿ ಆರೆಂಟು ಗಂಟೆ ಕತ್ತಲಿರಲಿ, ಹುಂಜ ಹಿಡಿಯುವುದು, ಸಾಗಿಸುವುದು ತಂಪು ಹೊತ್ತಿನಲ್ಲಿ ಇರಲಿ. ಯುಗಾದಿ ಹೊತ್ತಿನ ನಮ್ಮ ಬಿಸಿಲಂತೂ ನಿಮಗೇ ಗೊತ್ತು.

ಈಗಿನ ಮರಿಗಳಿಗೆ ಔಷಧಿ ಇದೆಯೇ ಎಂದರೆ, ಇಲ್ಲ. ಹೃದಯ ಹಿಗ್ಗಿ ಏದುಸಿರು ಬಿಡುತ್ತಿರುವುದು ಹೆಚ್ಚಾಗಿ ಉಳಿಯುವುದಿಲ್ಲ. ಅವನ್ನು ಬೇರೆ ಇಟ್ಟು, ಓಡಿಸದೆ, ಹಿಡಿಯದೆ ಬಿಡಿ. ಉಳಿದವಕ್ಕೆ ಗಾಳಿ, ನೀರು, ಮೇವು ಸರಿಯಾದರೆ ನಾಲ್ಕು ವಾರ ದಾಟಿದ ಮೇಲೆ ಈ ಸಾವು ತಾನಾಗಿ ನಿಲ್ಲುತ್ತದೆ. ಕೆಲವು ಮರಿ ಕುಗ್ಗಿ ಹಿಂದೆ ಬೀಳುತ್ತವೆ. ಹಾಗೆ ಹಿಂದೆ ಬಿದ್ದದ್ದನ್ನು ಮುಂದೆ ಮೊಟ್ಟೆಗೆ ಇಡಬೇಡಿ, ವಂಶದ ದೋಷ ಇರಬಹುದು. ಬೆಳೆದು ಚೆನ್ನಾಗಿರುವ ಹಕ್ಕಿಯನ್ನು ತಿನ್ನಬಹುದು. ಔಷಧಿ ಕೊಟ್ಟಿದ್ದರೆ ಬಾಟಲಿಯ ಮೇಲೆ ಬರೆದಷ್ಟು ದಿನ ಬಿಟ್ಟು ತಿನ್ನಿ. ತಾನಾಗಿ ಸತ್ತದ್ದನ್ನು ತಿನ್ನಬೇಡಿ, ನಾಯಿಗೂ ಹಾಕಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ.

ನಾಟಿ ಕೋಳಿಯ ಬಗ್ಗೆ ಕೇಳಿದ್ದಿರಿ. ಈ ಹೃದಯದ ತೊಂದರೆಯಲ್ಲಿ ಟರ್ಕಿಯಿಂದ ಕೋಳಿಗೆ ಭಯವಿಲ್ಲ, ಆದರೆ ಕೋಳಿಯಿಂದ ಟರ್ಕಿಗೆ ಬೇರೆ ಭಯ ಇದೆ. ಬ್ಲ್ಯಾಕ್‌ಹೆಡ್ ಎಂಬ ಕಾಯಿಲೆ ಕೋಳಿಯ ಹಿಕ್ಕೆಯ ಹುಳದ ಮೊಟ್ಟೆಯಿಂದ ಬರುತ್ತದೆ. ಗಂಧಕದ ಬಣ್ಣದ ಭೇದಿ, ಲಿವರ್ ಮೇಲೆ ದುಂಡು ದುಂಡು ಕಲೆ. ಎರಡನ್ನೂ ಒಂದೇ ಅಂಗಳದಲ್ಲಿ ಬಿಡಬೇಡಿ.

ಮುಂದಿನ ಸಲ ಮರಿ ತರುವಾಗ ಹ್ಯಾಚರಿಯವರನ್ನು ಎರಡು ವಿಷಯ ಕೇಳಿ. ಮೊಟ್ಟೆ ಕಾವಿನ 28 ದಿನದಲ್ಲಿ ಕರೆಂಟು ಹೋಗಿ ಮೆಷಿನ್ನಿನ ಫ್ಯಾನು ನಿಂತಿತ್ತೇ? ಇದೇ ತಾಯಿ ಹಿಂಡಿನ ಮರಿಗಳಲ್ಲಿ ಬೇರೆ ಕಡೆಯೂ ಹೀಗಾಗಿದೆಯೇ? ಮೊಟ್ಟೆಯೊಳಗೇ ಉಸಿರು ಕಟ್ಟಿದ ಮರಿಯ ಹೃದಯ ಹುಟ್ಟುವಾಗಲೇ ದುರ್ಬಲವಾಗಿರುತ್ತದೆ. ಆ ಮೇಲೆ ತೂತಿಲ್ಲದ ಪೆಟ್ಟಿಗೆಯಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಬಂದರೆ ಇನ್ನೂ ಕಷ್ಟ.

ಪರದೆ ಮತ್ತು ಮೇವು ಬದಲಿಸಿ ಒಂದು ವಾರ ದಿನಾ ಸತ್ತವುಗಳ ಲೆಕ್ಕ ಬರೆದಿಡಿ. ಗಂಡೋ ಹೆಣ್ಣೋ, ತೂಕ ಎಷ್ಟು, ಹೃದಯ ಚೂಪೋ ಗುಂಡೋ. ಲೆಕ್ಕ ಇಳಿಯದಿದ್ದರೆ ಅಂದೇ ಸತ್ತ ಎರಡು ಮರಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ, ಹಾಗೆ ಮಾಡಿದರೆ ಹೃದಯದ ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಬರುವುದಿಲ್ಲ. ಜೊತೆಗೆ ಒಂದು ಮುಷ್ಟಿ ಮೇವು, ಒಂದು ಬಾಟಲಿ ನೀರು, ಆ ಚೀಲದ ಚೀಟಿ ಇರಲಿ.